ಇಲ್ಲಿ ಹೆಸರಾಗದ ಸಣ್ಣ ಕಾಲೇಜುಗಳ ಪರವಾಗಿ

ಪಿಯುಸಿ ಮುಗಿದ ಕೂಡಲೇ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸುವ ಯೋಚನೆ ಮಂಗಳೂರು, ಉಡುಪಿಯ ಕೆಲವು ಮನೆಗಳಲ್ಲಿ ಈಗ ಗಂಭೀರವಾಗಿಯೇ ನಡೆಯುತ್ತದೆ. ಆದರೆ ಆ ಪಟ್ಟಿಯಲ್ಲಿ ದೊಡ್ಡ ವಿಶ್ವವಿದ್ಯಾಲಯಗಳದ್ದೇ ಹೆಸರು. ವಿಲಿಯಮ್ಸ್, ಆಮ್ಹರ್ಸ್ಟ್, ಸ್ವಾರ್ಥ್‌ಮೋರ್‌ನಂತಹ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳ, ಅಂದರೆ ವಿಜ್ಞಾನ, ಕಲೆ ಎರಡನ್ನೂ ಕಲಿಸುವ, ಮುಖ್ಯವಾಗಿ ಪದವಿ ಪಾಠಕ್ಕೇ ಮೀಸಲಾದ ಕಾಲೇಜುಗಳ ಮಾತೆತ್ತಿದರೆ, "ಇದರ ಹೆಸರು ಇಲ್ಲಿ ಯಾರಿಗೆ ಗೊತ್ತು ಮಾರಾಯ್ರೆ?" ಎನ್ನುತ್ತಾರೆ. ಪದವಿಯ ನಾಲ್ಕು ವರ್ಷಗಳ ಮಟ್ಟಿಗೆ ಊರಿನವರಿಗೆ ಹೆಸರು ಗೊತ್ತಿರುವುದಕ್ಕಿಂತ ಪಾಠ ಹೇಳುವವರು ಯಾರು ಎಂಬುದೇ ಮುಖ್ಯ ಎಂದು ನಾನು ದೃಢವಾಗಿ ನಂಬುತ್ತೇನೆ.

ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 50,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಅಂತಹ ಕಡೆ ಮೊದಲ ವರ್ಷದ ಎಷ್ಟೋ ತರಗತಿಗಳು ನೂರಾರು ಜನ ಕೂರುವ ಸಭಾಂಗಣದಲ್ಲಿ ನಡೆಯುತ್ತವೆ. ಸಣ್ಣ ಗುಂಪಿನ ಚರ್ಚೆ ನಡೆಸುವವರು ಹೆಚ್ಚಾಗಿ ಸಂಶೋಧನಾ ವಿದ್ಯಾರ್ಥಿಗಳು. 1793ರಲ್ಲಿ ಆರಂಭವಾದ ವಿಲಿಯಮ್ಸ್‌ನಲ್ಲಿ ಇರುವುದು ಸುಮಾರು 2,000 ಮಂದಿ. ಅಲ್ಲಿಯ ಟ್ಯುಟೋರಿಯಲ್‌ನಲ್ಲಿ ಒಬ್ಬ ಪ್ರಾಧ್ಯಾಪಕರ ಮುಂದೆ ಇಬ್ಬರೇ ವಿದ್ಯಾರ್ಥಿಗಳು ಕೂರುತ್ತಾರೆ. ಒಂದು ವಾರ ಒಬ್ಬರು ಪ್ರಬಂಧ ಬರೆದು ಮಂಡಿಸಿದರೆ ಇನ್ನೊಬ್ಬರು ಅದನ್ನು ವಿಮರ್ಶಿಸಬೇಕು. ಮರುವಾರ ಸರದಿ ಬದಲಾಗುತ್ತದೆ.

ನಮ್ಮ ಮಕ್ಕಳಿಗೆ ಬೇಕಾಗಿರುವುದು ಇದೇ. ಎರಡು ವರ್ಷ ಬೆಳಿಗ್ಗೆ ಕಾಲೇಜು, ಸಂಜೆ ಕೋಚಿಂಗ್ ಎಂದು ಓಡಾಡಿ, ನಾಲ್ಕು ಆಯ್ಕೆಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುವುದರಲ್ಲಿ ಪಳಗಿದ ಹುಡುಗಿ, ತಾನು ಬರೆದ ಒಂದು ಪುಟವನ್ನು ಮೇಷ್ಟ್ರ ಎದುರು ಸಮರ್ಥಿಸಿಕೊಂಡದ್ದೇ ಇಲ್ಲ. ನೂರಾರು ಜನರ ನಡುವೆ ಅವಳು ಹಿಂದಿನ ಬೆಂಚಿನಲ್ಲಿ ಮೌನವಾಗಿಯೇ ಪದವಿ ಮುಗಿಸಿಬಿಡಬಹುದು. ಇಬ್ಬರೇ ಇರುವ ಕೋಣೆಯಲ್ಲಿ ಅದು ಸಾಧ್ಯವಿಲ್ಲ.

ಸಣ್ಣ ಕಾಲೇಜು ಎಂದರೆ ಸಣ್ಣ ವಿದ್ವತ್ತು ಎಂದು ಉಡುಪಿಯವರಂತೂ ಹೇಳಬಾರದು. 1949ರಲ್ಲಿ ಆರಂಭವಾದ ನಮ್ಮ ಎಂಜಿಎಂ ಒಂದು ಪದವಿ ಕಾಲೇಜು. ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದು ಅದರ ಗೋವಿಂದ ಪೈ ಸಂಶೋಧನ ಕೇಂದ್ರದಿಂದಲೇ.

ಹಾಗೆಂದು ಎಲ್ಲರಿಗೂ ಸಣ್ಣ ಕಾಲೇಜೇ ಸರಿ ಎನ್ನಲಾರೆ. ಏರೋಸ್ಪೇಸ್ ಎಂಜಿನಿಯರಿಂಗನ್ನೇ ಓದಬೇಕೆಂದು ನಿಶ್ಚಯಿಸಿದವರಿಗೆ ದೊಡ್ಡ ವಿಶ್ವವಿದ್ಯಾಲಯದ ಪ್ರಯೋಗಾಲಯಗಳು ಬೇಕು. ಸ್ವಾರ್ಥ್‌ಮೋರ್‌ನಲ್ಲಿ ಎಂಜಿನಿಯರಿಂಗ್ ಪದವಿ ಇದ್ದರೂ ಇಂತಹ ಬಹುಪಾಲು ಕಾಲೇಜುಗಳಲ್ಲಿ ಆ ಸೌಲಭ್ಯವಿಲ್ಲ. ಆದರೆ ಗಣಿತವೋ ಅರ್ಥಶಾಸ್ತ್ರವೋ ಎಂದು ಇನ್ನೂ ತೂಗುತ್ತಿರುವವರಿಗೆ ಎರಡನ್ನೂ ಓದಿ ನೋಡಿ, ಎರಡನೆಯ ವರ್ಷದ ಹೊತ್ತಿಗೆ ಮುಖ್ಯ ವಿಷಯವನ್ನು ಆರಿಸಿಕೊಳ್ಳುವ ಅವಕಾಶ ಅಲ್ಲಿದೆ.

ಶುಲ್ಕ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಆಮ್ಹರ್ಸ್ಟ್ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೂ ಮನೆಯ ಹಣಕಾಸಿನ ಸ್ಥಿತಿ ಲೆಕ್ಕಿಸದೆ ಪರಿಶೀಲಿಸುತ್ತದೆ. ಪ್ರವೇಶ ಸಿಕ್ಕರೆ ಕುಟುಂಬಕ್ಕೆ ಭರಿಸಲಾಗದ ಭಾಗವನ್ನು ತಾನೇ ಭರಿಸುತ್ತದೆ. ಎಲ್ಲ ಕಾಲೇಜುಗಳೂ ಹೀಗಿಲ್ಲವಾದ್ದರಿಂದ, ಅರ್ಜಿ ಹಾಕುವ ಮುನ್ನ ಪ್ರತಿಯೊಂದರ ನೆರವಿನ ನಿಯಮವನ್ನು ಓದಿ, ಮೊದಲ ವರ್ಷದ ತರಗತಿಯಲ್ಲಿ ಎಷ್ಟು ಜನರಿರುತ್ತಾರೆ, ಉತ್ತರಪತ್ರಿಕೆ ತಿದ್ದುವವರು ಯಾರು ಎಂದು ನೇರವಾಗಿ ಇಮೇಲ್ ಬರೆದು ಕೇಳಿ.