ಮೊದಲು ಜೀವ ಇಲ್ಲದ ಗ್ರಹಗಳನ್ನು ಅರ್ಥ ಮಾಡಿಕೊಳ್ಳೋಣ

2025ರ ಏಪ್ರಿಲ್‌ನಲ್ಲಿ ಕೆ2-18ಬಿ ಎಂಬ ಗ್ರಹ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಾ? ನಮ್ಮಿಂದ 124 ಜ್ಯೋತಿರ್ವರ್ಷ ದೂರದಲ್ಲಿರುವ ಗ್ರಹ ಅದು. ತೂಕದಲ್ಲಿ ಭೂಮಿಯ ಎಂಟೂವರೆ ಪಟ್ಟು. ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಮತ್ತು ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಲ್ಲಿ ಅದನ್ನು ನೋಡಿ, ಅಲ್ಲಿನ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಜೊತೆಗಾರ ಡೈಮೀಥೈಲ್ ಡೈಸಲ್ಫೈಡ್ ಇರುವ ಸುಳಿವು ಸಿಕ್ಕಿದೆ ಎಂದರು. ನಮ್ಮ ಭೂಮಿಯಲ್ಲಿ ಈ ಅನಿಲಗಳು ಹುಟ್ಟುವುದು ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ. ಅಷ್ಟು ಸಾಕಾಯಿತು. ಅನ್ಯಗ್ರಹದಲ್ಲಿ ಜೀವ ಸಿಕ್ಕೇಬಿಟ್ಟಿತು ಅನ್ನುವ ಹಾಗೆ ಸುದ್ದಿ ಹರಡಿತು.

ತಂಡದವರು ಎಚ್ಚರಿಕೆಯಿಂದಲೇ ಮಾತಾಡಿದ್ದರು. ಅವರ ಲೆಕ್ಕ ಮೂರು ಸಿಗ್ಮಾ ಮಟ್ಟದ್ದು. ಅಂದರೆ ಅಂಥ ಗುರುತು ಬರೀ ಆಕಸ್ಮಿಕವಾಗಿ ಮೂಡುವ ಸಾಧ್ಯತೆ ಸುಮಾರು ಶೇ. 0.3. ಹೊಸ ಶೋಧ ಎಂದು ಒಪ್ಪಲು ಐದು ಸಿಗ್ಮಾ ಬೇಕು. ಆಮೇಲೆ ಬೇರೆ ತಂಡಗಳು ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ, ಗುರುತು ಅಷ್ಟು ಗಟ್ಟಿಯಿಲ್ಲ ಎಂದವು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಆ ಗುರುತು ನಾಳೆ ಐದು ಸಿಗ್ಮಾ ಮುಟ್ಟಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಜೀವ ಇದೆ ಅನ್ನಲು ಆಗುವುದಿಲ್ಲ. ಯಾಕೆಂದರೆ ಇದೇ ಡೈಮೀಥೈಲ್ ಸಲ್ಫೈಡ್ 67ಪಿ ಎಂಬ ಧೂಮಕೇತುವಿನಲ್ಲಿಯೂ ಇದೆ. ರೊಸೆಟ್ಟಾ ನೌಕೆ ಅಳೆದಿಟ್ಟ ಮಾಹಿತಿಯಲ್ಲಿ ಅದು 2024ರಲ್ಲಿ ಬೆಳಕಿಗೆ ಬಂತು. ಧೂಮಕೇತುವಿನಲ್ಲಿ ಪಾಚಿ ಎಲ್ಲಿಂದ ಬರಬೇಕು? ಅದೇ ವರ್ಷ ಪ್ರಯೋಗಾಲಯದಲ್ಲಿ ಕೆಲವು ಸರಳ ಅನಿಲಗಳ ಮೇಲೆ ನೇರಳಾತೀತ ಬೆಳಕು ಬಿಟ್ಟಾಗಲೂ ಈ ಅನಿಲ ತಯಾರಾಯಿತು. ಅಲ್ಲಿಯೂ ಜೀವ ಇರಲಿಲ್ಲ.

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವ ಮಾತು ಈ ವಿಷಯದಲ್ಲಿ ನಡೆಯುವುದಿಲ್ಲ. ಎಷ್ಟೋ ಕಡೆ ಬರೀ ಹೊಗೆ ಇರಬಹುದು. ಅದಕ್ಕೇ ನನ್ನ ಅಭಿಪ್ರಾಯ ಇದು: ಜೀವದ ಗುರುತು ಹುಡುಕುವ ಮೊದಲು, ಜೀವವೇ ಇಲ್ಲದ ಗ್ರಹ ತನ್ನಷ್ಟಕ್ಕೆ ತಾನು ಏನೆಲ್ಲ ಮಾಡಬಲ್ಲದು ಎಂದು ನಾವು ಚೆನ್ನಾಗಿ ತಿಳಿಯಬೇಕು. ದೂರದರ್ಶಕದ ಸಮಯ, ದುಡ್ಡು, ನಮ್ಮ ಗಮನ, ಎಲ್ಲವೂ ಆ ಕಡೆಗೆ ಇನ್ನೂ ಜಾಸ್ತಿ ಹೋಗಬೇಕು.

ಆಮ್ಲಜನಕವನ್ನೇ ನೋಡಿ. ಗಾಳಿಯಲ್ಲಿ ಆಮ್ಲಜನಕ ಕಂಡರೆ ಅಲ್ಲಿ ಗಿಡಮರ ಇದ್ದಹಾಗೆ ಎಂದು ಸುಮಾರು ಜನ ಅಂದುಕೊಳ್ಳುತ್ತಾರೆ. ಆದರೆ ನಾವು ಈಗ ಸುಲಭವಾಗಿ ಅಳೆಯಬಲ್ಲ ಗ್ರಹಗಳು ಹೆಚ್ಚಾಗಿ ಕೆಂಪು ಕುಬ್ಜ ಎಂಬ, ಸೂರ್ಯನಿಗಿಂತ ಚಿಕ್ಕ, ಮಂದ ನಕ್ಷತ್ರಗಳ ಸುತ್ತ ಇವೆ. ನಕ್ಷತ್ರ ಚಿಕ್ಕದಾದಷ್ಟೂ ಗ್ರಹ ಅದರ ಮುಂದೆ ಹಾದುಹೋಗುವಾಗ ಬೆಳಕು ಕುಗ್ಗುವುದು ಎದ್ದು ಕಾಣುತ್ತದೆ. (ಹೋಲಿಕೆಗೆ: ಭೂಮಿ ಸೂರ್ಯನ ಮುಂದೆ ಹಾದರೆ ಕುಗ್ಗುವ ಬೆಳಕು ಶೇ. 0.008 ಮಾತ್ರ. ಗಾಳಿಯ ಪಾಲು ಅದರಲ್ಲಿ ಇನ್ನೂ ತೀರಾ ಕಡಿಮೆ.) ಈ ಕೆಂಪು ಕುಬ್ಜಗಳು ಎಳೆಯ ವಯಸ್ಸಿನಲ್ಲಿ ಆಮೇಲಿನದಕ್ಕಿಂತ ತುಂಬಾ ಪ್ರಖರವಾಗಿ ಉರಿಯುತ್ತವೆ. ಹತ್ತಿರದ ಗ್ರಹದಲ್ಲಿ ಸಮುದ್ರ ಇದ್ದರೆ ಅದು ಆವಿಯಾಗಬಹುದು. ನೇರಳಾತೀತ ಬೆಳಕು ಆ ಆವಿಯನ್ನು ಒಡೆಯುತ್ತದೆ. ಹಗುರಾದ ಜಲಜನಕ ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ, ಆಮ್ಲಜನಕ ಹಿಂದೆ ಉಳಿಯುತ್ತದೆ. ಒಂದು ಹುಲ್ಲುಕಡ್ಡಿಯೂ ಇಲ್ಲದ ಗ್ರಹ, ಗಾಳಿಯಲ್ಲಿ ಮಾತ್ರ ಬೇಕಾದಷ್ಟು ಆಮ್ಲಜನಕ!

ಇದರ ಉಲ್ಟಾ ಕೂಡ ನಿಜ. ಭೂಮಿಯಲ್ಲಿ ಜೀವ ಕನಿಷ್ಠ 350 ಕೋಟಿ ವರ್ಷಗಳಿಂದ ಇದೆ. ಗಾಳಿಯಲ್ಲಿ ಆಮ್ಲಜನಕ ಕೂಡತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ನಡುವಿನ ನೂರು ಕೋಟಿಗೂ ಮಿಕ್ಕಿದ ವರ್ಷಗಳಲ್ಲಿ ಯಾರಾದರೂ ದೂರದಿಂದ ಆಮ್ಲಜನಕ ಹುಡುಕಿದ್ದರೆ, ಇಲ್ಲಿ ಯಾರೂ ಇಲ್ಲ ಎಂದು ಮುಂದೆ ಹೋಗುತ್ತಿದ್ದರು. ಇಲ್ಲಿ ಜೀವ ತುಂಬಿಕೊಂಡಿತ್ತು!

ಹಾಗಾಗಿ ಒಂದೇ ಅನಿಲ ಸಾಲದು. 1960ರ ದಶಕದಲ್ಲೇ ಜೇಮ್ಸ್ ಲವ್‌ಲಾಕ್ ಮತ್ತು ಡಯಾನ್ ಹಿಚ್‌ಕಾಕ್ ಇದನ್ನು ಹೇಳಿದ್ದರು. ಒಟ್ಟಿಗೆ ಬಾಳಲಾರದ ಅನಿಲಗಳು ಒಟ್ಟಿಗೆ ಇವೆಯಾ ಎಂದು ನೋಡಿ ಅನ್ನುವುದು ಅವರ ವಾದ. ಆಮ್ಲಜನಕ ಇರುವ ಗಾಳಿಯಲ್ಲಿ ಮೀಥೇನ್ ಹತ್ತು ವರ್ಷಗಳ ಆಸುಪಾಸಿನಲ್ಲಿ ಕರಗಿಹೋಗುತ್ತದೆ. ಆದರೂ ಅದು ಗಾಳಿಯಲ್ಲಿ ಉಳಿದಿದೆ ಅಂದರೆ ಯಾರೋ ತುಂಬುತ್ತಲೇ ಇದ್ದಾರೆ ಎಂದರ್ಥ. 1990ರ ಡಿಸೆಂಬರ್‌ನಲ್ಲಿ ಗೆಲಿಲಿಯೋ ನೌಕೆ ಗುರುವಿನ ಕಡೆಗೆ ಹೋಗುವ ದಾರಿಯಲ್ಲಿ ಭೂಮಿಯ ಪಕ್ಕ ಹಾದಾಗ ಕಾರ್ಲ್ ಸೇಗನ್ ತಂಡ ಈ ಪರೀಕ್ಷೆಯನ್ನು ನಮ್ಮ ಭೂಮಿಯ ಮೇಲೇ ಮಾಡಿತು. ಆಮ್ಲಜನಕ, ಮೀಥೇನ್ ಎರಡೂ ಸಿಕ್ಕವು, ರೇಡಿಯೊ ಸಂಕೇತಗಳೂ ಸಿಕ್ಕವು. ಬಾಹ್ಯಾಕಾಶ ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಉತ್ತರ ಗೊತ್ತಿರುವ ಕಡೆ ಮೊದಲು ಉಪಕರಣವನ್ನು ಪರೀಕ್ಷಿಸಿದರು, ಅಲ್ವಾ? ಜೀವ ಇಲ್ಲ ಎಂದು ಖಚಿತವಾಗಿರುವ ಕಡೆಯೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷೆ ಆಗಬೇಕು.

ಹಾಗೆ ಮಾಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮಂಗಳ ಗ್ರಹ ಸಾಕ್ಷಿ. 1976ರಲ್ಲಿ ವೈಕಿಂಗ್ ನೌಕೆಗಳು ಅಲ್ಲಿನ ಮಣ್ಣಿಗೆ ಪೋಷಕಾಂಶದ ದ್ರಾವಣ ಹಾಕಿದವು. ಮಣ್ಣಿನಿಂದ ಅನಿಲ ಹೊರಬಂತು, ಥೇಟ್ ಸೂಕ್ಷ್ಮಜೀವಿಗಳು ತಿಂದು ಉಸಿರಾಡಿದ ಹಾಗೆ. ಅದೇ ನೌಕೆಯ ಇನ್ನೊಂದು ಉಪಕರಣಕ್ಕೆ ಜೀವಕ್ಕೆ ಬೇಕಾದ ಸಾವಯವ ವಸ್ತುವಿನ ನಂಬುವಂಥ ಕುರುಹು ಸಿಗಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ, ಬಿಸಿ ಮಾಡಿದಾಗ ಸಾವಯವ ವಸ್ತುವನ್ನು ನಾಶ ಮಾಡಬಲ್ಲ ಲವಣ ಇದೆ ಎಂದು ತೋರಿಸಿದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು. ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ 2021ರಲ್ಲಿ ತೀರಿಕೊಳ್ಳುವವರೆಗೂ ತಾವು ಕಂಡದ್ದು ಜೀವವೇ ಎಂದು ನಂಬಿದ್ದರು. ಮಣ್ಣಿನ ಗುಣ ಗೊತ್ತಿಲ್ಲದೆ ಮಣ್ಣಿನಲ್ಲಿ ಜೀವ ಹುಡುಕಿದ್ದರಿಂದ ಬಂದ ಗೊಂದಲ ಇದು. ಪಕ್ಕದ ಗ್ರಹದಲ್ಲೇ ಹೀಗಾದರೆ 124 ಜ್ಯೋತಿರ್ವರ್ಷ ದೂರದ ಗ್ರಹದ ಕತೆ ಏನು?

ಜೀವ ಅನ್ನುವ ಆಸೆ ಇಲ್ಲದಿದ್ದರೆ ಇಂಥ ಯೋಜನೆಗಳಿಗೆ ದುಡ್ಡು ಯಾರು ಕೊಡುತ್ತಾರೆ ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. 1996ರಲ್ಲಿ ಎಎಲ್‌ಎಚ್84001 ಎಂಬ ಮಂಗಳದ ಉಲ್ಕಾಶಿಲೆಯಲ್ಲಿ ಜೀವದ ಕುರುಹು ಇದೆ ಎಂದಾಗ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರೇ ಅದರ ಬಗ್ಗೆ ಮಾತಾಡಿದ್ದರು. ಆ ವಾದವನ್ನು ಇವತ್ತು ಹೆಚ್ಚಿನ ವಿಜ್ಞಾನಿಗಳು ಒಪ್ಪುವುದಿಲ್ಲ, ಆದರೆ ಅದರಿಂದ ಮಂಗಳದ ಅಧ್ಯಯನಕ್ಕೆ ಹೊಸ ಹುರುಪು ಬಂದದ್ದು ನಿಜ. ಆಸೆ ಇರಲಿ, ನನಗೂ ಇದೆ. ಆದರೆ ಸಿಕ್ಕಿತು, ಅಲ್ಲ ಇಲ್ಲ, ಸಿಕ್ಕಿತು, ಅಲ್ಲ ಇಲ್ಲ ಎಂದು ಹತ್ತು ಸಲ ಕೇಳಿದವರು ಹನ್ನೊಂದನೇ ಸಲ ನಿಜವಾಗಿ ಸಿಕ್ಕಾಗ ನಂಬುತ್ತಾರಾ?

ಕೆಲಸ ಸರಿಯಾದ ದಿಕ್ಕಿನಲ್ಲಿ ಶುರುವಾಗಿದೆ ಅನ್ನುವುದು ಖುಷಿಯ ವಿಷಯ. 2021ರಲ್ಲಿ ನಾಸಾ ವಿಜ್ಞಾನಿಗಳು ಜೀವದ ಗುರುತನ್ನು ಅಳೆಯಲು ಏಳು ಮೆಟ್ಟಿಲುಗಳ ಮಾಪನ ಸೂಚಿಸಿದರು. ಗುರುತು ಕಂಡದ್ದು ಮೊದಲ ಮೆಟ್ಟಿಲು ಮಾತ್ರ. ಜೀವವಲ್ಲದ ಎಲ್ಲ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುವುದು ನಾಲ್ಕನೆಯದು. ಜೇಮ್ಸ್ ವೆಬ್‌ನ ಸುಮಾರು 500 ಗಂಟೆಗಳನ್ನು ಕೆಂಪು ಕುಬ್ಜಗಳ ಸುತ್ತಲಿನ ಕಲ್ಲಿನ ಗ್ರಹಗಳಿಗೆ ಗಾಳಿಯಾದರೂ ಇದೆಯಾ ಎಂದು ನೋಡಲು ಮೀಸಲಿಟ್ಟಿದ್ದಾರೆ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜದ ಸುತ್ತ ಏಳು ಗ್ರಹಗಳಿವೆ. ತೀರಾ ಒಳಗಿನದಕ್ಕೆ ಹೇಳಿಕೊಳ್ಳುವಂಥ ಗಾಳಿ ಇಲ್ಲ ಎಂದು 2023ರಲ್ಲಿ ತಿಳಿದಾಗ ಕೆಲವರು ನಿರಾಶರಾದರು. ನನಗೆ ಅದು ಕೆ2-18ಬಿ ಸುದ್ದಿಗಿಂತ ದೊಡ್ಡ ಸುದ್ದಿ. ಅಷ್ಟು ದೂರದ ಒಂದು ಕಲ್ಲುಗುಂಡಿನ ಶಾಖ ಅಳೆದು, ಅದರ ಮೈಮೇಲೆ ಗಾಳಿ ಇಲ್ಲ ಎಂದು ಹೇಳಬಲ್ಲೆವು!

ಮುಂದೆ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ ಎಂಬ ದೂರದರ್ಶಕ ಕಟ್ಟುವ ಯೋಜನೆ ನಾಸಾದ್ದು. ಜೀವಕ್ಕೆ ಒಗ್ಗಬಹುದಾದ ಸುಮಾರು 25 ಗ್ರಹಗಳನ್ನು ನೇರವಾಗಿ ನೋಡುವುದು ಅದರ ಗುರಿ. ಆ 25ರಲ್ಲಿ ಎಲ್ಲೂ ಏನೂ ಸಿಗದಿರಬಹುದು. ಹಾಗಾದರೆ ಆ ಸುದ್ದಿಯೂ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲೇ ಬರಬೇಕು, ಯಾವ ಗ್ರಹದಲ್ಲಿ ಏನಿದೆ, ಏನಿಲ್ಲ, ಯಾಕಿಲ್ಲ ಎಂಬ ವಿವರದ ಸಮೇತ.