ದಪ್ಪ ಟವೆಲ್ಲೇ ಒಳ್ಳೇ ಟವೆಲ್ಲಾ?

ಬೆಂಗಳೂರಿನ ದೊಡ್ಡ ಹೋಟೆಲುಗಳ ಟವೆಲ್ ಬಗ್ಗೆ ನನ್ನದೊಂದು ತಕರಾರಿದೆ. ನೋಡೋಕೆ ದಪ್ಪಗೆ, ಬೆಳ್ಳಗೆ ಇರುತ್ತದೆ. ಕೆಲವು ಕಡೆ ಹಂಸದ ಆಕಾರಕ್ಕೆ ಮಡಚಿ ಹಾಸಿಗೆ ಮೇಲೆ ಕೂರಿಸಿರುತ್ತಾರೆ. ಸ್ನಾನ ಮಾಡಿ ಒರೆಸಿಕೊಂಡರೆ ಮಾತ್ರ ನೀರು ಹೋಗುವುದಿಲ್ಲ. ಬೆನ್ನ ಮೇಲಿನ ನೀರನ್ನು ಸುಮ್ನೆ ಆ ಕಡೆಯಿಂದ ಈ ಕಡೆಗೆ ತಳ್ಳುತ್ತೇವೆ, ಅಷ್ಟೆ.

ನಾನಿರುವುದು ಜಪಾನಿನ ಒಸಾಕಾದಲ್ಲಿ. ಅಲ್ಲಿನ ಸಾಧಾರಣ ಬಿಸಿನೆಸ್ ಹೋಟೆಲಿನ ರೂಮಲ್ಲಿ ಸೂಟ್‌ಕೇಸ್ ಬಿಚ್ಚಿಡಲೂ ಜಾಗ ಇರುವುದಿಲ್ಲ. ಟವೆಲ್ಲೂ ತೆಳ್ಳಗೇ. ಆದರೆ ಒಂದು ಸಲ ಒರೆಸಿದರೆ ಮೈ ಒಣಗುತ್ತದೆ. ಊರಿಗೆ ಬಂದು ಮದುವೆಗೋ ಆಫೀಸು ಕೆಲಸಕ್ಕೋ ಹೋಟೆಲಲ್ಲಿ ಉಳಿದಾಗಲೆಲ್ಲ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ನಮ್ಮಲ್ಲಿ ಟವೆಲ್ ಅಂದರೆ ಮೊದಲು ಜಿಎಸ್‌ಎಂ ಲೆಕ್ಕ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. 300–400 ಅಂದರೆ ಹಗುರ, 500–600 ಅಂದರೆ ಹೋಟೆಲ್ ದರ್ಜೆ, ಅದಕ್ಕೂ ಮೇಲೆ ಹೋದರೆ ಐಷಾರಾಮ ಅಂತ ಮಾರುತ್ತಾರೆ. 70 ಸೆಂಟಿಮೀಟರ್ ಅಗಲ, 140 ಸೆಂಟಿಮೀಟರ್ ಉದ್ದದ ಸ್ನಾನದ ಟವೆಲ್ 600 ಜಿಎಸ್‌ಎಂ ಇದ್ದರೆ ಹತ್ತಿರ ಹತ್ತಿರ 590 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲೇ ಇದನ್ನು ನೋಡಿಕೊಳ್ಳಬಹುದು. ಚಿಕ್ಕಪೇಟೆಯಲ್ಲಿ ಅಂಗಡಿಯವರು ಟವೆಲ್ಲನ್ನು ಎರಡು ಬೆರಳಲ್ಲಿ ಹಿಸುಕಿ ತೋರಿಸಿ, "ಪಕ್ಕಾ ಹೋಟೆಲ್ ಕ್ವಾಲಿಟಿ ಸಾರ್, ಮುಟ್ಟಿ ನೋಡಿ" ಅನ್ನುತ್ತಾರಲ್ಲ, ಆ ಮುಟ್ಟಿ ನೋಡುವುದರಲ್ಲೇ ತೊಂದರೆ ಇರುವುದು. ಹೊಸ ಟವೆಲ್ಲಿನ ಮೃದುತನದಲ್ಲಿ ಎಷ್ಟೋ ಪಾಲು ಮಿಲ್ಲಿನಲ್ಲಿ ಕೊನೆಗೆ ಹಚ್ಚುವ ಸಿಲಿಕೋನ್ ಲೇಪದ್ದು. ಕೈಗೆ ಹಿತವಾಗಿರುವ ಆ ಲೇಪವೇ ನೀರನ್ನು ದೂರ ಇಡುತ್ತದೆ.

ನೀರು ಹೀರುವುದು ಟವೆಲ್ಲಿನ ಎರಡೂ ಕಡೆ ಎದ್ದಿರುವ ದಾರದ ಕುಣಿಕೆಗಳು. ಉದ್ದ ಎಳೆಯ ಹತ್ತಿಯನ್ನು ಬಾಚಿ, ಗಿಡ್ಡ ಎಳೆಗಳನ್ನು ತೆಗೆದು ನೂತ ದಾರವಾದರೆ ಕುಣಿಕೆ ಗಟ್ಟಿ, ನೂಲು ಉದುರುವುದೂ ಕಡಿಮೆ. ದಾರದ ಹುರಿ, ಅಂದರೆ ತಿರುಚು, ಕಡಿಮೆ ಇದ್ದರೆ ಬೇಗ ಹೀರುತ್ತದೆ, ಆದರೆ ಬೇಗ ಸವೆಯುತ್ತದೆ. ದಿನಾ ಒಗೆಯುವ ಹೋಟೆಲಿಗೆ ಅದು ನಡೆಯುವುದಿಲ್ಲ. ಅದಕ್ಕೇ ಎಷ್ಟೋ ಹೋಟೆಲ್ ಟವೆಲ್ಲುಗಳಲ್ಲಿ ಅಡಿ ನೇಯ್ಗೆಗೆ ಸ್ವಲ್ಪ ಪಾಲಿಯೆಸ್ಟರ್ ಸೇರಿಸಿ, ಕುಣಿಕೆಯನ್ನು ಮಾತ್ರ ಹತ್ತಿಯಲ್ಲಿ ಉಳಿಸುತ್ತಾರೆ. ಇದನ್ನು ಮೋಸ ಅನ್ನಲಾರೆ, ಬಾಳಿಕೆಗೆ ಮಾಡಿಕೊಂಡ ದಾರಿ ಅದು.

ಜಪಾನಿನ ಶಿಕೊಕು ದ್ವೀಪದಲ್ಲಿ ಇಮಾಬಾರಿ ಅನ್ನುವ ಊರಿದೆ, ಟವೆಲ್ಲಿಗೇ ಹೆಸರಾದ ಊರು. ಟವೆಲ್ಲಿಗೆ ಇಮಾಬಾರಿ ಬ್ರ್ಯಾಂಡಿನ ಚೀಟಿ ಹಚ್ಚಬೇಕಾದರೆ ಅದರ ಚಿಕ್ಕ ತುಂಡೊಂದನ್ನು ನೀರಿನ ಮೇಲೆ ಬಿಡುತ್ತಾರೆ. 5 ಸೆಕೆಂಡಿನೊಳಗೆ ಅದು ಮುಳುಗಲು ಶುರುವಾಗಬೇಕು. ಬಣ್ಣ ಬಿಡುತ್ತದಾ, ನೂಲು ಉದುರುತ್ತದಾ ಅಂತ ಬೇರೆ ಪರೀಕ್ಷೆಗಳೂ ಇವೆ. ನನಗೆ ಹಿಡಿಸಿದ್ದು ಮಾತ್ರ ಈ ಮುಳುಗಿಸುವ ಕೆಲಸ. ಟವೆಲ್ ಇರುವುದು ಯಾತಕ್ಕೋ ಅದನ್ನೇ ನೋಡುತ್ತಾರೆ. ಹಾಗಂತ ಜಪಾನೆಲ್ಲ ಇಮಾಬಾರಿ ಟವೆಲ್ಲಲ್ಲಿ ಮೈ ಒರೆಸಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಅದು ದುಬಾರಿ, ಅಲ್ಲಿನ ಅಂಗಡಿಗಳಲ್ಲೂ ಹೆಚ್ಚಿನವು ಹೊರದೇಶದ ಮಾಲು. ನಮ್ಮಲ್ಲಿ ಮಾಡಲು ಬರುವುದಿಲ್ಲ ಅಂತಲೂ ಅಲ್ಲ. ಅಮೆರಿಕದವರು ಬಳಸುವ ಟವೆಲ್ಲುಗಳಲ್ಲಿ ದೊಡ್ಡ ಪಾಲು ಹೋಗುವುದೇ ಭಾರತದಿಂದ. ಕರ್ನಾಟಕದ ಗಡಿ ದಾಟಿದರೆ ಸಿಗುವ ಸೋಲಾಪುರದ ಟೆರ್ರಿ (ಕುಣಿಕೆ ಎದ್ದಿರುವ) ಟವೆಲ್ಲಿಗೆ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ.

ಹಾಗಾದರೆ ಬೆಂಗಳೂರಿನ ಹೋಟೆಲ್ ಟವೆಲ್ ಕೆಡುವುದೆಲ್ಲಿ? ನನ್ನ ಪ್ರಕಾರ ಒಗೆಯುವಲ್ಲಿ. ಜಪಾನಿನ ನೀರು ಬಹುತೇಕ ಕಡೆ ಮೆದು. ಇಲ್ಲಿ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಬೋರ್‌ವೆಲ್ಲು, ಟ್ಯಾಂಕರ್ ನೀರು ಜಾಸ್ತಿ, ಅದು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕುಣಿಕೆಗಳ ಸಂದಿಯಲ್ಲಿ ಕೂರುತ್ತದೆ. ಟವೆಲ್ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಸೆಟೆದುಕೊಂಡಿತು ಅಂತ ಲಾಂಡ್ರಿಯವರು ಸಾಫ್ಟನರ್ ಸುರಿಯುತ್ತಾರೆ. ಸಾಫ್ಟನರ್ ಅಂದರೆ ಎಳೆಯ ಮೇಲೆ ಕೂರುವ ಜಿಡ್ಡಿನ ಪೊರೆ. ಟವೆಲ್ ಮೆತ್ತಗಾಗುತ್ತದೆ, ನೀರು ಹೀರುವುದನ್ನು ಬಿಡುತ್ತದೆ. ಬಿಳಿ ಉಳಿಯಲಿ ಅಂತ ಹಾಕುವ ಬ್ಲೀಚ್ ಹತ್ತಿಯನ್ನೂ ತಿನ್ನುತ್ತದೆ. ನೀರು ಮೆದುಗೊಳಿಸುವ ಘಟಕ ಹಾಕಿ, ಡಿಟರ್ಜೆಂಟ್ ಅಳೆದು ಹಾಕಿ, ಇನ್ನೊಂದು ಸಲ ಜಾಲಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಆದರೆ ಅದು ಫೋಟೋದಲ್ಲಿ ಕಾಣುವುದಿಲ್ಲವಲ್ಲ!

ಹೌಸ್‌ಕೀಪಿಂಗ್ ಕೆಲಸದಲ್ಲಿರುವ ಗೆಳೆಯನೊಬ್ಬನಿಗೆ ಇದನ್ನೇ ಹೇಳಿದೆ. "ತೆಳ್ಳಗಿರೋದು ಇಟ್ರೆ ಜಿಪುಣರು ಅಂತ ರಿವ್ಯೂ ಬರೀತಾರೆ ಗುರೂ. ನೀರು ಹೀರಲ್ಲ ಅಂತ ಇವತ್ತಿನವರೆಗೆ ಯಾರೂ ಬರೆದಿಲ್ಲ" ಅಂದ. ಅವನ ಮಾತೂ ನಿಜವೇ. ಉಳಿದುಕೊಳ್ಳುವ ನಾವೂ ಇದರಲ್ಲಿ ಪಾಲುದಾರರು. ವಿಚಿತ್ರ ಏನೆಂದರೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದ್ದದ್ದು ತೆಳ್ಳನೆಯ ಹತ್ತಿ ಟವೆಲ್ಲೇ. ಎಷ್ಟು ಒಗೆದರೆ ಅಷ್ಟು ಚೆನ್ನಾಗಿ ಹೀರುತ್ತಿತ್ತು, ಹಿಂಡಿ ಹಗ್ಗಕ್ಕೆ ಹಾಕಿದರೆ ಬೇಗ ಒಣಗುತ್ತಿತ್ತು. ಈಗ ಮನೆಗೂ 700 ಜಿಎಸ್‌ಎಂ ತರುತ್ತಾರೆ. ಡ್ರೈಯರ್ ಇಲ್ಲದ ಮನೆಯಲ್ಲಿ, ಆಗಸ್ಟಿನ ಜಡಿಮಳೆಯಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಎರಡನೇ ದಿನಕ್ಕೇ ಮುಗ್ಗಲು ವಾಸನೆ.

ಮನೆಗೆ ಕೊಳ್ಳುವವರಿಗೆ 400ರಿಂದ 500 ಧಾರಾಳ ಸಾಕು. ಅಂಚಿಗೆ ಎರಡು ಸಾಲು ಹೊಲಿಗೆ ಇದೆಯಾ ನೋಡಿ, ಬೆಳಕಿಗೆ ಹಿಡಿದು ಕುಣಿಕೆ ಎಲ್ಲ ಕಡೆ ಒತ್ತಾಗಿದೆಯಾ ನೋಡಿ. ಬಳಸುವ ಮುಂಚೆ ಎರಡು ಮೂರು ಸಲ ಒಗೆಯಿರಿ, ಸಾಫ್ಟನರ್ ಬೇಡ. ಹೋಟೆಲಿನಲ್ಲಾದರೆ ಟವೆಲ್ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಉರುಟಾಗಿ ನಿಂತರೆ ರಿಸೆಪ್ಷನ್ನಿಗೆ ಫೋನ್ ಮಾಡಿ ಬೇರೆ ಕೇಳಿ, ರಿವ್ಯೂನಲ್ಲೂ ಅದನ್ನೇ ಬರೆಯಿರಿ.