ಸ್ಪಷ್ಟನೆ: ಆನಂದಪುರ ಸಾಹಿಬ್ ನಿರ್ಣಯ ಬೇರೆ ದೇಶ ಕೇಳಿರಲಿಲ್ಲ

"1973ರಲ್ಲೇ ಅಕಾಲಿ ದಳ ಖಾಲಿಸ್ತಾನ ಬೇಕು ಅಂತ ನಿರ್ಣಯ ಮಾಡಿತ್ತು" ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಇದು ತಪ್ಪು. (ಅಕಾಲಿ ದಳ ಅಂದ್ರೆ ಪಂಜಾಬಿನ ಸಿಖ್ಖರ ಪಕ್ಷ, ಖಾಲಿಸ್ತಾನ ಅಂದ್ರೆ ಸಿಖ್ಖರಿಗೆ ಬೇರೆ ದೇಶ.)

ಆ ವರ್ಷ ಅಕ್ಟೋಬರ್‌ನಲ್ಲಿ ಆನಂದಪುರ ಸಾಹಿಬ್‌ನಲ್ಲಿ ಪಕ್ಷದ ಕಾರ್ಯಸಮಿತಿ ನಿರ್ಣಯ ಮಾಡಿದ್ದು ನಿಜ. ಆದರೆ ಕೇಳಿದ್ದು ರಾಜ್ಯಕ್ಕೆ ಜಾಸ್ತಿ ಅಧಿಕಾರ. ರಕ್ಷಣೆ, ವಿದೇಶಾಂಗ, ನಾಣ್ಯ, ಸಂಪರ್ಕದಂಥ ಕೆಲವೇ ವಿಷಯ ಕೇಂದ್ರಕ್ಕಿರಲಿ, ಉಳಿದದ್ದು ರಾಜ್ಯಕ್ಕೆ ಬರಲಿ ಅಂತ. ಚಂಡೀಗಢ ಪಂಜಾಬಿಗೆ ಸೇರಬೇಕು ಅನ್ನೋದೂ ಇತ್ತು. ಇದರಲ್ಲೇ ಪ್ರತ್ಯೇಕತೆಯ ಬೀಜ ಕಂಡವರಿದ್ದರು, ಅದು ಅವರ ಅಭಿಪ್ರಾಯ.

ಆಧಾರ? 1985ರ ಜುಲೈ 24ರ ರಾಜೀವ್–ಲೋಂಗೋವಾಲ್ ಒಪ್ಪಂದ, ಅಂದ್ರೆ ಪ್ರಧಾನಿ ರಾಜೀವ್ ಗಾಂಧಿ ಮತ್ತು ಅಕಾಲಿ ದಳದ ಅಧ್ಯಕ್ಷ ಲೋಂಗೋವಾಲ್ ಮಾಡಿಕೊಂಡದ್ದು. ನಿರ್ಣಯ ಪೂರ್ತಿ ಸಂವಿಧಾನದ ಚೌಕಟ್ಟಿನೊಳಗೇ ಇದೆ ಎಂಬ ಅಕಾಲಿ ದಳದ ಮಾತು ಅದರಲ್ಲೇ ದಾಖಲಾಗಿದೆ. ಕೇಂದ್ರ–ರಾಜ್ಯ ಸಂಬಂಧದ ಭಾಗವನ್ನು ಆ ಸಂಬಂಧವನ್ನೇ ಪರಿಶೀಲಿಸಲು ಕೇಂದ್ರ ನೇಮಿಸಿದ್ದ ಸರ್ಕಾರಿಯಾ ಆಯೋಗಕ್ಕೆ ಒಪ್ಪಿಸಿದರು. ಬೇರೆ ದೇಶದ ಬೇಡಿಕೆಯನ್ನು ಯಾವ ಸರ್ಕಾರ ಆಯೋಗಕ್ಕೆ ಕಳಿಸುತ್ತೆ ಹೇಳಿ! ರಾಜ್ಯಗಳಿಗೆ ಹೆಚ್ಚು ಅಧಿಕಾರ ಬೇಕು ಅಂತ ನಮ್ಮ ರಾಮಕೃಷ್ಣ ಹೆಗಡೆಯವರೂ 1983ರಲ್ಲಿ ಬೆಂಗಳೂರಿಗೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಕರೆಸಿದ್ದರು.

ಖಾಲಿಸ್ತಾನ ಘೋಷಣೆ ಬೇರೆಯೇ. ಅದನ್ನು 1986ರ ಏಪ್ರಿಲ್ 29ರಂದು ಅಮೃತಸರದಲ್ಲಿ ಮಾಡಿದ್ದು ಸಿಖ್ ಉಗ್ರಗಾಮಿಗಳ ಪಂಥಿಕ್ ಕಮಿಟಿ, ಅಕಾಲಿ ದಳವಲ್ಲ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಆಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.